ಪವರ್ ವಿಂಡೋ ರಿಪೇರಿ: ಮೋಟಾರಿಗಿಂತ ಮೊದಲು ರಬ್ಬರ್ ನೋಡಿ

ನನ್ನ ಕಾರಿಗೆ 15 ವರ್ಷ ದಾಟಿದೆ. ಡ್ರೈವರ್ ಬಾಗಿಲಿನ ಪವರ್ ವಿಂಡೋ ಬಹಳ ದಿನದಿಂದ ತಕರಾರು ಮಾಡುತ್ತಿತ್ತು. ಇಳಿಯುವಾಗ ಸರಾಗ, ಏರುವಾಗ ಏದುಸಿರು. ಕಾರು ಬಿಸಿಲಲ್ಲಿ ನಿಂತಿದ್ದರೆ ಗಾಜು ಅರ್ಧಕ್ಕೆ ಬಂದು ನಿಂತೇಬಿಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಸ್ವಿಚ್ ಎಳೆದರೆ ಮತ್ತೆ ಏರುತ್ತಿತ್ತು. ಆಮೇಲೆ ಒಂದು ದಿನ ಬಾಗಿಲ ಒಳಗಿಂದ ಟಕ್ ಅಂತ ಸದ್ದು ಬಂತು. ಗಾಜಿನ ಮುಂದಿನ ಮೂಲೆ ಕೆಳಗೆ ವಾಲಿತು. ಮೋಟಾರ್ ತಿರುಗುವುದು ಕೇಳಿಸುತ್ತಿತ್ತು, ಗಾಜು ಮಾತ್ರ ಮೇಲೆ ಬರಲಿಲ್ಲ.

ಅದನ್ನು ನಾನೇ ಬಿಚ್ಚಿ ಸರಿಮಾಡಿದೆ. ಹೇಗೆ ಮಾಡಿದೆ ಅನ್ನುವುದಷ್ಟೇ ಅಲ್ಲ, ಯಾಕೆ ಕೆಟ್ಟಿತು ಅನ್ನುವುದನ್ನೂ ಬರೆಯುತ್ತಿದ್ದೇನೆ. ಯಾಕಂದ್ರೆ ಪವರ್ ವಿಂಡೋ ಕೈಕೊಟ್ಟರೆ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು "ಮೋಟಾರ್ ಹೋಗಿದೆ". ಹೊಸ ಮೋಟಾರ್ ಹಾಕುತ್ತಾರೆ, ಕೆಲವು ತಿಂಗಳಲ್ಲಿ ಅದೂ ಸುಸ್ತಾಗುತ್ತದೆ. ನಾನು ನೋಡಿದ ಹಳೇ ಬಾಗಿಲುಗಳಲ್ಲಿ ರೋಗದ ಬುಡ ಗಾಜು ಓಡಾಡುವ ರಬ್ಬರ್ ಚಾನೆಲ್‌ನಲ್ಲೇ ಇರುತ್ತದೆ. ಅದು ಒಣಗಿ ಬಿಗಿಯಾದರೆ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತದೆ. ಆ ಕರೆಂಟ್ ಸ್ವಿಚ್‌ನ ಪಾಯಿಂಟುಗಳನ್ನು ಸುಡುತ್ತದೆ. ಕೇಬಲ್ ಮೇಲೆ, ಗಾಜು ಹಿಡಿದಿರುವ ಪ್ಲಾಸ್ಟಿಕ್ ತುಂಡಿನ ಮೇಲೆ ಎಳೆತ ಹೆಚ್ಚುತ್ತದೆ. ಯಾವುದು ದುರ್ಬಲವೋ ಅದು ಮೊದಲು ಮುರಿಯುತ್ತದೆ. ನನ್ನ ಕಾರಲ್ಲಿ ಪ್ಲಾಸ್ಟಿಕ್ ಮುರಿದಿತ್ತು, ಅಷ್ಟೇ.

ಬಾಗಿಲಿಗೆ ಕೈ ಹಾಕುವ ಮೊದಲು ಹೊರಗಿನಿಂದಲೇ ಎಷ್ಟೋ ಗೊತ್ತಾಗುತ್ತದೆ. ರಾತ್ರಿ ಒಳಗಿನ ಲೈಟ್ ಹಾಕಿ ಸ್ವಿಚ್ ಒತ್ತಿ ನೋಡಿ. ಗಾಜು ಕದಲದೆ ಲೈಟ್ ಮಾತ್ರ ಸ್ವಲ್ಪ ಮಂಕಾದರೆ ಕರೆಂಟ್ ಮೋಟಾರ್ ತನಕ ಹೋಗುತ್ತಿದೆ, ಏನೋ ಒಂದು ಬಿಗಿಯಾಗಿ ಹಿಡಿದುಕೊಂಡಿದೆ ಎಂದರ್ಥ. ಲೈಟ್ ಅಲುಗಾಡದೆ, ಸದ್ದೂ ಇಲ್ಲದಿದ್ದರೆ ಫ್ಯೂಸ್, ಸ್ವಿಚ್, ವೈರು ಇವುಗಳ ಕಡೆ ನೋಡಬೇಕು, ಅಥವಾ ಮೋಟಾರಿನ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು) ಸವೆದಿರಬಹುದು. ಬ್ರಷ್ ಅನುಮಾನವಿದ್ದರೆ ಸ್ವಿಚ್ ಒತ್ತಿಕೊಂಡೇ ಮೋಟಾರ್ ಇರುವ ಜಾಗದಲ್ಲಿ ಬಾಗಿಲ ಒಳಮೈಗೆ ಮುಷ್ಟಿಯಿಂದ ಮೆಲ್ಲಗೆ ಗುದ್ದಿ. ಗುದ್ದಿದ ಕೂಡಲೇ ಓಡಿದರೆ ಬ್ರಷ್ ಕೊನೆಗಾಲದಲ್ಲಿದೆ.

ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟ. ಗಾಜನ್ನು ಎರಡೂ ಅಂಗೈಯಿಂದ ಹಿಡಿದು ಕೆಳಕ್ಕೆ ಒತ್ತಿ ನೋಡುವುದು. ಮೋಟಾರಿನ ಒಳಗಿರುವುದು ವರ್ಮ್ ಗೇರ್. ಮೋಟಾರ್ ಗೇರನ್ನು ತಿರುಗಿಸಬಲ್ಲದು, ಗೇರಿನ ಕಡೆಯಿಂದ ಮೋಟಾರನ್ನು ತಿರುಗಿಸಲು ಆಗುವುದಿಲ್ಲ. ಅದಕ್ಕೇ ಸರಿಯಾಗಿರುವ ಗಾಜು ಎಷ್ಟು ಒತ್ತಿದರೂ ಇಳಿಯುವುದಿಲ್ಲ. ಕೈಗೆ ಸುಲಭವಾಗಿ ಇಳಿದರೆ ಗಾಜಿಗೂ ಮೋಟಾರಿಗೂ ನಡುವೆ ಎಲ್ಲೋ ಸಂಬಂಧ ಕಡಿದಿದೆ. ನನ್ನದು ಹಾಗೇ ಇಳಿಯಿತು. ಮೋಟಾರ್ ಸದ್ದು ಬರುತ್ತಿದ್ದುದರಿಂದ ತಪ್ಪು ಗಾಜನ್ನು ಎತ್ತಿ ಇಳಿಸುವ ರೆಗ್ಯುಲೇಟರ್‌ನದು ಅಂತ ಆಗಲೇ ಖಚಿತವಾಯಿತು.

ಅರ್ಧ ದಾರಿಯಲ್ಲಿ ನಿಂತು, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಓಡುತ್ತಿತ್ತು ಅಂದೆನಲ್ಲ, ಅದಕ್ಕೂ ಕಾರಣವಿದೆ. ಎಷ್ಟೋ ಮೋಟಾರುಗಳ ಒಳಗೆ ಬಿಸಿ ಹೆಚ್ಚಾದರೆ ಕರೆಂಟ್ ಕಡಿಯುವ ಒಂದು ರಕ್ಷಣೆ ಇರುತ್ತದೆ. ತಣ್ಣಗಾದ ಮೇಲೆ ಅದು ತಾನಾಗಿ ಮತ್ತೆ ಜೋಡಿಸಿಕೊಳ್ಳುತ್ತದೆ. ಅಂದರೆ ಆ ನಿಲುಗಡೆ ಮೋಟಾರಿನ ರೋಗ ಅಲ್ಲ, ಮೋಟಾರ್ ಕೊಡುತ್ತಿದ್ದ ಎಚ್ಚರಿಕೆ. ಈ ಹಂತದಲ್ಲೇ ಚಾನೆಲ್ ತೊಳೆದರೆ ಹೆಚ್ಚಿನ ಸಲ ಬಾಗಿಲು ಬಿಚ್ಚುವ ಕೆಲಸವೇ ಬರುವುದಿಲ್ಲ.

ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ತೆಗೆದೆ. ಬಾಗಿಲ ಒಳಗೆ ಕೈ ಇದ್ದಾಗ ಯಾರೋ ಸ್ವಿಚ್ ಮುಟ್ಟಿದರೆ ಬೆರಳು ಹೋಗುತ್ತದೆ. ಬಾಗಿಲಲ್ಲಿ ಏರ್‌ಬ್ಯಾಗ್ ಅಥವಾ ಅದರ ಸೆನ್ಸರ್ ಇರುವ ಕಾರಾದರೆ ಟರ್ಮಿನಲ್ ತೆಗೆದ ಮೇಲೆ ಆ ಕಾರಿನ ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಕಾದೇ ಕೈ ಹಾಕಬೇಕು. ದಪ್ಪ ಗ್ಲೌಸ್ ಕೂಡ ಬೇಕು. ಬಾಗಿಲ ಒಳಗಿನ ತಗಡಿನ ಅಂಚು ಬ್ಲೇಡಿನಷ್ಟೇ ಹರಿತ.

ಡೋರ್ ಪ್ಯಾಡ್, ಅಂದರೆ ಬಾಗಿಲ ಒಳಗಿನ ಹೊದಿಕೆ, ಬಿಚ್ಚುವುದು ಹೆಚ್ಚಿನ ಕಾರುಗಳಲ್ಲಿ ಒಂದೇ ಥರ. ಒಳಗಿನ ಹ್ಯಾಂಡಲ್ ಹಿಂದೆ ಒಂದು ಸ್ಕ್ರೂ, ಬಾಗಿಲು ಎಳೆಯುವ ಹಿಡಿಯ ತಳದಲ್ಲಿ ಒಂದೋ ಎರಡೋ. ಕೆಲವಕ್ಕೆ ಮೇಲೆ ಚಿಕ್ಕ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಆಮೇಲೆ ಕೆಳಗಿನ ಮೂಲೆಯಿಂದ ಶುರುಮಾಡಿ ಸುತ್ತಲಿನ ಕ್ಲಿಪ್‌ಗಳನ್ನು ಒಂದೊಂದಾಗಿ ಬಿಡಿಸಬೇಕು. ಪ್ಲಾಸ್ಟಿಕ್ ಪಟ್ಟಿಯನ್ನು ಕ್ಲಿಪ್ಪಿನ ಪಕ್ಕದಲ್ಲೇ ತೂರಿಸಿ ಮೀಟಬೇಕು, ದೂರದಿಂದ ಮೀಟಿದರೆ ಪ್ಯಾಡ್ ಸೀಳುತ್ತದೆ. ಎಲ್ಲ ಬಿಟ್ಟ ಮೇಲೆ ಪ್ಯಾಡನ್ನು ಮೇಲಕ್ಕೆ ಎತ್ತಿ ಕಿಟಕಿಯ ಅಂಚಿನಿಂದ ಬಿಡಿಸಿ, ಹಿಂದಿರುವ ಸ್ವಿಚ್ ಕನೆಕ್ಟರ್ ಕಳಚಬೇಕು. ಹಳೇ ಕ್ಲಿಪ್ ಒಂದೆರಡಾದರೂ ಮುರಿಯುತ್ತವೆ. ಮೊದಲೇ ಹೊಸದು ತಂದಿಟ್ಟುಕೊಂಡರೆ ಒಳ್ಳೆಯದು.

ಪ್ಯಾಡ್ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಕಪ್ಪು ಅಂಟಿನಿಂದ ಅಂಟಿಕೊಂಡಿರುತ್ತದೆ. ಇದರ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ತುಂಬಾ ಕಡೆ ಇದನ್ನು ಹರಿದು ಬಿಸಾಡುತ್ತಾರೆ, "ಸುಮ್ನೆ ಧೂಳಿಗೆ ಹಾಕಿರ್ತಾರೆ" ಅನ್ನುತ್ತಾರೆ. ಅದು ಧೂಳಿಗಲ್ಲ, ನೀರಿಗೆ. ಮಳೆಯಲ್ಲಿ ಗಾಜಿನ ಮೇಲೆ ಬಿದ್ದ ನೀರು ಸ್ವಲ್ಪವಾದರೂ ಬಾಗಿಲ ಒಳಗೆ ಇಳಿದೇ ಇಳಿಯುತ್ತದೆ. ಬಾಗಿಲನ್ನು ಮಾಡಿರುವುದೇ ಹಾಗೆ. ಆ ನೀರು ತಳದ ತೂತುಗಳಿಂದ ಹೊರಗೆ ಹೋಗಬೇಕು. ಈ ಹಾಳೆ ಇಲ್ಲದಿದ್ದರೆ ಅದು ಪ್ಯಾಡನ್ನು ನೆನೆಸಿ ಕಾರಿನೊಳಗಿನ ಮ್ಯಾಟ್‌ಗೆ ಇಳಿಯುತ್ತದೆ. ನಾನು ಹೇರ್ ಡ್ರೈಯರ್‌ನಿಂದ ಅಂಟನ್ನು ಮೆತ್ತಗೆ ಮಾಡಿ, ಹಾಳೆಯನ್ನು ಇಂಚಿಂಚಾಗಿ ಬಿಡಿಸಿದೆ. ಅಂಟಿನ ಮೇಲೆ ಧೂಳು ಕೂರದಂತೆ ಕೆಲಸ ಇರುವಷ್ಟು ಭಾಗ ಮಾತ್ರ ಬಿಡಿಸಿ, ಬಿಡಿಸಿದ್ದನ್ನು ಮಡಚಿ ಟೇಪ್ ಹಚ್ಚಿಟ್ಟೆ. ಬಾಗಿಲ ತಳದ ತೂತುಗಳಲ್ಲಿ ಮಣ್ಣು ಕಟ್ಟಿಕೊಂಡಿತ್ತು. ಅದನ್ನೂ ಕಡ್ಡಿ ಹಾಕಿ ಬಿಡಿಸಿದೆ.

ಈಗ ರೆಗ್ಯುಲೇಟರ್. ಗಾಜನ್ನು ಏರಿಸಿ ಇಳಿಸುವ ಚೌಕಟ್ಟು ಇದು. ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಕತ್ತರಿಯಂತೆ ಅಡ್ಡಡ್ಡ ಇರುವ ಕಬ್ಬಿಣದ ತೋಳುಗಳು ಗಾಜನ್ನು ಎತ್ತುತ್ತವೆ. ಇನ್ನೊಂದರಲ್ಲಿ ಒಂದೋ ಎರಡೋ ಕಂಬಿ, ಅದರ ಮೇಲೆ ಜಾರುವ ಪ್ಲಾಸ್ಟಿಕ್ ಸ್ಲೈಡರ್, ಅದನ್ನು ಎಳೆಯಲು ಉಕ್ಕಿನ ಕೇಬಲ್, ಕೇಬಲ್ ಸುತ್ತಲು ಒಂದು ಡ್ರಮ್. ನನ್ನದು ಎರಡನೇ ಬಗೆ.

ಕತ್ತರಿ ಬಗೆಯದನ್ನು ಬಿಚ್ಚುವವರು ಒಂದು ವಿಷಯ ಮರೆಯಬಾರದು. ಅನೇಕ ಕಾರುಗಳಲ್ಲಿ ಗಾಜಿನ ಭಾರ ಹೊರಲು ಅದಕ್ಕೆ ಬಲವಾದ ಸುರುಳಿ ಸ್ಪ್ರಿಂಗ್ ಇರುತ್ತದೆ. ಆ ಸ್ಪ್ರಿಂಗನ್ನು ತಡೆದು ನಿಲ್ಲಿಸಿರುವುದು ಮೋಟಾರ್. ಮೋಟಾರನ್ನು ಸುಮ್ಮನೆ ಕಳಚಿದರೆ ಹಲ್ಲಿನ ತಟ್ಟೆ ಒಂದೇ ಏಟಿಗೆ ತಿರುಗಿ ಬೆರಳು ಕತ್ತರಿಸುವಷ್ಟು ರಭಸದಲ್ಲಿ ಬಡಿಯುತ್ತದೆ. ಮೋಟಾರ್ ತೆಗೆಯುವ ಮೊದಲೇ ಹಲ್ಲಿನ ತಟ್ಟೆ ಮತ್ತು ಹಿಂದಿನ ಚೌಕಟ್ಟು ಎರಡನ್ನೂ ದಾಟುವಂತೆ ಒಂದು ಬೋಲ್ಟ್ ಹಾಕಿ ನಟ್ಟು ಬಿಗಿಯಬೇಕು. ತೂತು ಇಲ್ಲದಿದ್ದರೆ ಡ್ರಿಲ್ ಮಾಡಿಯಾದರೂ ಹಾಕಬೇಕು. ಇದರಲ್ಲಿ ಅವಸರ ಬೇಡವೇ ಬೇಡ.

ನನ್ನ ಕೆಲಸದಲ್ಲಿ ಮೊದಲು ಗಾಜನ್ನು ಸ್ಲೈಡರ್‌ನಿಂದ ಬಿಡಿಸಿದೆ. ಗಾಜನ್ನು ಕೈಯಿಂದ ಪೂರ್ತಿ ಮೇಲೆ ಎತ್ತಿ, ಅಗಲ ಟೇಪನ್ನು ಒಳಗಿನಿಂದ ಬಾಗಿಲ ಚೌಕಟ್ಟಿನ ಮೇಲೆ ಹಾಯಿಸಿ ಹೊರಗಿನ ತನಕ ಅಂಟಿಸಿದೆ. ಎರಡು ಕಡೆ ಹೀಗೆ ಹಾಕಿದರೆ ಗಾಜು ಅಲ್ಲೇ ನಿಲ್ಲುತ್ತದೆ. ಬದಿಯ ಗಾಜು ಸಾಮಾನ್ಯವಾಗಿ ಟೆಂಪರ್ಡ್ ಗಾಜು. ಮಧ್ಯದಲ್ಲಿ ಗಟ್ಟಿ, ಅಂಚು ಮಾತ್ರ ನಾಜೂಕು. ಅಂಚಿಗೆ ಏಟು ಬಿದ್ದರೆ ಇಡೀ ಗಾಜು ಪುಡಿಪುಡಿ. ಹೊರಗೆ ತೆಗೆಯಬೇಕಾದರೆ ಕಂಬಳಿಯ ಮೇಲೆ ಮಲಗಿಸಿ ಇಡಿ, ನೆಲಕ್ಕೆ ಅಂಚೂರಿ ನಿಲ್ಲಿಸಬೇಡಿ.

ರೆಗ್ಯುಲೇಟರ್ ರಿವೆಟ್ ಹೊಡೆದು ಕೂರಿಸಿದ್ದಾಗಿತ್ತು. ರಿವೆಟ್‌ನ ತಲೆ ಮಾತ್ರ ಕೊರೆದು ತೆಗೆದೆ, ಉಳಿದ ಕಡ್ಡಿಯನ್ನು ಒಳಗೆ ತಟ್ಟಿದೆ. ಪೂರ್ತಿ ಕೊರೆದರೆ ತಗಡಿನ ತೂತು ದೊಡ್ಡದಾಗುತ್ತದೆ. ಬಿದ್ದ ಚೂರುಗಳನ್ನೆಲ್ಲ ಅಯಸ್ಕಾಂತದಿಂದ ಹೆಕ್ಕಿದೆ. ಅವು ಬಾಗಿಲ ತಳದಲ್ಲಿ ಉಳಿದರೆ ತುಕ್ಕು ಅಲ್ಲಿಂದಲೇ ಶುರು, ಅಲ್ವಾ?

ಹೊರಗೆ ತಂದು ನೋಡಿದಾಗ ಎಲ್ಲ ಸ್ಪಷ್ಟವಾಯಿತು. ಸ್ಲೈಡರ್‌ನಲ್ಲಿ ಕೇಬಲ್‌ನ ತುದಿಯ ಗುಂಡು ಕೂರುವ ಜಾಗವೇ ಸೀಳಿಹೋಗಿತ್ತು. ಕೇಬಲ್ ಅಲ್ಲಿಂದ ಕಿತ್ತುಕೊಂಡು ಡ್ರಮ್ಮಿನ ಸುತ್ತ ಗೋಜಲಾಗಿತ್ತು. ನಾಲ್ಕೈದು ಎಳೆ ಮುಳ್ಳಿನಂತೆ ಎದ್ದಿದ್ದವು. ಸೀಳಿದ ಪ್ಲಾಸ್ಟಿಕ್‌ನ ಅಂಚು ನೋಡಿದೆ. ಒಂದು ಭಾಗ ಮಾಸಿ ಕಪ್ಪಾಗಿತ್ತು, ಉಳಿದದ್ದು ಬಿಳಿ, ಹೊಸದು. ಅಂದರೆ ಬಿರುಕು ಎಂದೋ ಬಿಟ್ಟಿತ್ತು, ಕೊನೆಯ ಚೂರು ಮಾತ್ರ ಆ ದಿನ ಮುರಿದದ್ದು. ಗಾಜು ನಿಧಾನವಾಗಿ ಏರುತ್ತಿದ್ದಷ್ಟು ಕಾಲವೂ ಈ ಪ್ಲಾಸ್ಟಿಕ್ ಸ್ವಲ್ಪ ಸ್ವಲ್ಪವಾಗಿ ಹರಿಯುತ್ತಲೇ ಇತ್ತು.

ಸ್ಲೈಡರ್ ಮತ್ತು ಕೇಬಲ್ ಮಾತ್ರ ಬದಲಿಸುವ ಕಿಟ್‌ಗಳು ಕೆಲವು ಕಾರುಗಳಿಗೆ ಸಿಗುತ್ತವೆ. ಕೇಬಲ್ ಚೆನ್ನಾಗಿದ್ದರೆ ಬರೀ ಸ್ಲೈಡರ್ ಹಾಕಿದರೂ ಸಾಕು. ಎಳೆ ಬಿಟ್ಟ ಕೇಬಲ್‌ಗೆ ಮಾತ್ರ ಮುಲಾಜು ಬೇಡ. ನಾನು ಮೋಟಾರ್ ಇಲ್ಲದ ಹೊಸ ರೆಗ್ಯುಲೇಟರ್ ತರಿಸಿ, ಹಳೇ ಮೋಟಾರನ್ನೇ ಅದಕ್ಕೆ ಕೂರಿಸಿದೆ. ಅದಕ್ಕೆ ಮೊದಲು ಮೋಟಾರನ್ನು ಬ್ಯಾಟರಿಗೆ ನೇರವಾಗಿ ಕೊಟ್ಟು ನೋಡಿದೆ. ವೈರು ಅದಲುಬದಲು ಮಾಡಿದರೆ ಉಲ್ಟಾ ತಿರುಗಬೇಕು. ಎರಡೂ ಕಡೆ ಒಂದೇ ವೇಗ, ಒಂದೇ ಸದ್ದು ಬಂತು. ಗೇರಿನ ಮುಚ್ಚಳ ತೆಗೆದಾಗ ಗ್ರೀಸ್ ಒಣಗಿ ಮೇಣದ ಥರ ಆಗಿತ್ತು. ಒರೆಸಿ, ಪ್ಲಾಸ್ಟಿಕ್ ಗೇರಿಗೆ ಒಗ್ಗುವ ಗ್ರೀಸ್ ಹಾಕಿ ಮುಚ್ಚಿದೆ. ಹಲ್ಲುಗಳು ಸರಿಯಾಗಿದ್ದವು.

ಮೋಟಾರ್ ಕೂರಿಸುವಾಗ ಒಂದು ಜಾಗ್ರತೆ. ಹೊಸ ರೆಗ್ಯುಲೇಟರ್‌ನ ಡ್ರಮ್ಮನ್ನು ಹಿಡಿದಿಡಲು ಒಂದು ಪ್ಲಾಸ್ಟಿಕ್ ಬಿಲ್ಲೆಯೋ ಕ್ಲಿಪ್ಪೋ ಹಾಕಿ ಕಳಿಸಿರುತ್ತಾರೆ. ಮೋಟಾರ್ ಸ್ಕ್ರೂ ಹಿಡಿಯುವ ತನಕ ಡ್ರಮ್ ಹೊರಗೆ ಜಾರದಂತೆ ಹೆಬ್ಬೆರಳಿನಿಂದ ಒತ್ತಿಕೊಂಡೇ ಇರಬೇಕು. ಡ್ರಮ್ ಜಾರಿದರೆ ಕೇಬಲ್ ಸುರುಳಿ ಬಿಚ್ಚಿಕೊಳ್ಳುತ್ತದೆ, ಅದನ್ನು ಮತ್ತೆ ಸುತ್ತುವುದು ತುಂಬಾ ತಾಳ್ಮೆಯ ಕೆಲಸ.

ಇನ್ನು ನಾನು ಎಲ್ಲಕ್ಕಿಂತ ಮುಖ್ಯ ಅಂದುಕೊಂಡಿರುವ ಭಾಗ. ರೆಗ್ಯುಲೇಟರ್ ಹೊರಗಿದೆ, ಚಾನೆಲ್‌ನಲ್ಲಿ ಗಾಜು ಮಾತ್ರ ಇದೆ. ಇದಕ್ಕಿಂತ ಒಳ್ಳೆಯ ಸಮಯ ಮತ್ತೆ ಸಿಗುವುದಿಲ್ಲ. ಟೇಪ್ ಬಿಚ್ಚಿ, ಗಾಜನ್ನು ಎರಡೂ ಬದಿಯಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಿ ನೋಡಿದೆ. ಕೆಳಗಿನ ಅರ್ಧ ಪರವಾಗಿಲ್ಲ. ಮೇಲಿನ ಒಂದು ಗೇಣಿನಷ್ಟು ದೂರ ಗಾಜು ಅಂಟಿಕೊಂಡಂತೆ ಬಿಗಿ, ಎರಡೂ ಕೈಯ ಬಲ ಹಾಕಬೇಕಿತ್ತು. ಮೋಟಾರ್ ಇಷ್ಟು ಕಾಲ ಎಳೆದದ್ದು ಇದನ್ನೇ.

ತೆಳ್ಳಗಿನ ಪ್ಲಾಸ್ಟಿಕ್ ಸ್ಕೇಲಿಗೆ ಒದ್ದೆ ಬಟ್ಟೆ ಸುತ್ತಿ ಚಾನೆಲ್ ಒಳಗೆ ಎಳೆದೆ. ಮೊದಲ ಸಲ ಬಟ್ಟೆ ಕೆಸರಿನ ಬಣ್ಣಕ್ಕೆ ಬಂತು. ಒಳಗೆ ಗಾಜು ಉಜ್ಜುವ ಮೆತ್ತನೆಯ ಪದರ ಧೂಳು ಕುಡಿದು ಕಲ್ಲಿನಂತಾಗಿತ್ತು. ಸೋಪು ನೀರು ಹಾಕಿ, ಬಟ್ಟೆ ಬದಲಿಸುತ್ತಾ, ಬಟ್ಟೆ ಬೆಳ್ಳಗೆ ಬರುವ ತನಕ ಉಜ್ಜಿದೆ. ಗಾಜಿನ ಎರಡೂ ಅಂಚಿಗೆ ಕಟ್ಟಿದ್ದ ಕೊಳೆಯನ್ನೂ ತೆಗೆದೆ. ಪೂರ್ತಿ ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ. ಗ್ರೀಸ್, ಇಂಜಿನ್ ಆಯಿಲ್, ತುಕ್ಕು ಬಿಡಿಸುವ ಸ್ಪ್ರೇ ಇವನ್ನು ಇಲ್ಲಿ ಹಾಕಲೇಬಾರದು. ಪೆಟ್ರೋಲಿಯಂ ಎಣ್ಣೆ ರಬ್ಬರನ್ನು ಉಬ್ಬಿಸುತ್ತದೆ, ಧೂಳನ್ನೂ ಹಿಡಿದಿಡುತ್ತದೆ. ಎರಡು ದಿನ ಸಲೀಸಾಗಿ ಓಡಿ, ಆಮೇಲೆ ಮೊದಲಿಗಿಂತ ಕೆಟ್ಟದಾಗುತ್ತದೆ. ಲೋಹದ ಕಂಬಿಗೆ, ಸ್ಲೈಡರ್ ಜಾರುವ ಜಾಗಕ್ಕೆ ಬಿಳಿ ಲಿಥಿಯಂ ಗ್ರೀಸ್ ಸರಿ.

ಆದರೂ ಹಿಂಬದಿಯಲ್ಲಿ ಸ್ವಲ್ಪ ಬಿಗಿ ಉಳಿದಿತ್ತು. ಟಾರ್ಚ್ ಬಿಟ್ಟು ನೋಡಿದರೆ ಬಾಗಿಲ ಒಳಗೆ ಚಾನೆಲ್‌ನ ಕೆಳತುದಿ ಹಿಡಿದಿರುವ ಬೋಲ್ಟ್ ಸಡಿಲವಾಗಿತ್ತು. ಚಾನೆಲ್ ಒಳಕ್ಕೆ ವಾಲಿ ಗಾಜನ್ನು ಒತ್ತುತ್ತಿತ್ತು. ಗಾಜನ್ನು ಅರ್ಧ ಇಳಿಸಿ, ಚಾನೆಲ್ ಅದಕ್ಕೆ ಹೊಂದಿ ನಿಂತ ಮೇಲೆ ಬೋಲ್ಟ್ ಬಿಗಿದೆ. ಈಗ ಗಾಜು ಎರಡು ಬೆರಳ ಹಿಡಿತಕ್ಕೆ ಮೇಲಿನ ತನಕ ಬಂತು. ಇಲ್ಲಿಗೆ ಬರುವ ತನಕ ಹೊಸ ರೆಗ್ಯುಲೇಟರ್ ಹಾಕಬೇಡಿ ಅಂತಲೇ ನಾನು ಹೇಳುವುದು.

ಇದನ್ನು ಲೆಕ್ಕದಲ್ಲೂ ನೋಡಬೇಕು ಅನ್ನಿಸಿತು. ಪಕ್ಕದ ಸೀಟಿನ ಬಾಗಿಲಿನ ಗಾಜು ಓಡುತ್ತಿತ್ತು, ಆದರೆ ನಿಧಾನ. ಬ್ಯಾಟರಿ ಮತ್ತೆ ಜೋಡಿಸಿ, ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರನ್ನು ಆ ಮೋಟಾರಿನ ವೈರಿಗೆ ಹಾಕಿ ಗಾಜು ಏರಿಸಿದೆ. ಮೇಲಿನ ಭಾಗದಲ್ಲಿ 12 ಆಂಪಿಯರ್ ದಾಟಿತು. ಅದೇ ಚಾನೆಲ್ ತೊಳೆದು ಸಿಲಿಕೋನ್ ಹಾಕಿದ ಮೇಲೆ 7ರ ಆಸುಪಾಸಿಗೆ ಇಳಿಯಿತು. ಮೋಟಾರ್ ಅದೇ, ಸ್ವಿಚ್ ಅದೇ. ಸಾಮಾನ್ಯ ಮಲ್ಟಿಮೀಟರ್‌ಗಳಲ್ಲಿ ಆಂಪಿಯರ್ ಮಿತಿ ಹೆಚ್ಚಾಗಿ 10 ಇರುತ್ತದೆ, ಈ ಅಳತೆಗೆ ಅದನ್ನು ನಡುವೆ ಸಿಕ್ಕಿಸಬೇಡಿ.

ವೋಲ್ಟ್ ಅಳೆಯುವಾಗಲೂ ಒಂದು ಮೋಸವಿದೆ. ಮೋಟಾರ್ ಕನೆಕ್ಟರ್ ಕಳಚಿ ಮೀಟರ್ ಹಿಡಿದರೆ ಒಂದೇ ಎಳೆ ತಾಮ್ರ ಉಳಿದ ವೈರಿನಲ್ಲೂ 12 ವೋಲ್ಟ್ ತೋರಿಸುತ್ತದೆ. ಮೀಟರ್ ಕರೆಂಟನ್ನೇ ಎಳೆಯುವುದಿಲ್ಲವಲ್ಲ. ಕನೆಕ್ಟರ್ ಜೋಡಿಸಿಕೊಂಡೇ, ಮೋಟಾರ್ ಓಡುವಾಗ ಅಳೆಯಬೇಕು. ಅಥವಾ ಮೋಟಾರಿನ ಬದಲು 21 ವಾಟಿನ ಬ್ರೇಕ್ ಲೈಟ್ ಬಲ್ಬ್ ಜೋಡಿಸಿ ನೋಡಬೇಕು. ಬಲ್ಬ್ ಪೂರ್ತಿ ಬೆಳಗಿದರೆ ದಾರಿಯಲ್ಲಿ ದೊಡ್ಡ ಕಡಿತವಿಲ್ಲ. ನನ್ನ ಡ್ರೈವರ್ ಬಾಗಿಲಲ್ಲಿ ಮೋಟಾರ್ ಓಡುವಾಗ ಸಿಕ್ಕಿದ್ದು 10 ವೋಲ್ಟಿಗೂ ಕಡಿಮೆ. ಬ್ಯಾಟರಿಯಲ್ಲಿ 12.5 ಇತ್ತು.

ಮೊದಲು ಬಾಗಿಲು ಮತ್ತು ಬಾಡಿ ನಡುವಿನ ರಬ್ಬರ್ ಕೊಳವೆ ಸರಿಸಿ ವೈರು ನೋಡಿದೆ. ಬಾಗಿಲು ತೆಗೆದು ಹಾಕಿದಂತೆಲ್ಲ ಮಡಚುವ ಜಾಗ ಅದು. ಒಂದೊಂದು ವೈರನ್ನೂ ಮೆಲ್ಲಗೆ ಎಳೆದು ನೋಡಬೇಕು. ಒಳಗೆ ತಾಮ್ರ ತುಂಡಾಗಿದ್ದರೆ ಮೇಲಿನ ಪ್ಲಾಸ್ಟಿಕ್ ಮಾತ್ರ ಹಿಗ್ಗುತ್ತದೆ, ಕೈಗೆ ಕೂಡಲೇ ಗೊತ್ತಾಗುತ್ತದೆ. ನನ್ನವು ಗಟ್ಟಿಯಾಗಿದ್ದವು. ಹಾಗಾಗಿ ಉಳಿದದ್ದು ಸ್ವಿಚ್.

ಸ್ವಿಚ್ಚನ್ನು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಂಡು ಬಿಚ್ಚಿದೆ. ಒಳಗಿನ ಸಣ್ಣ ಸ್ಪ್ರಿಂಗುಗಳು ಹಾರಿದರೆ ಚೀಲದಲ್ಲೇ ಸಿಗುತ್ತವೆ. ಏರಿಸುವ ಕಡೆಯ ತಾಮ್ರದ ಪಾಯಿಂಟ್ ಸುಟ್ಟು ಕಪ್ಪಾಗಿ, ಮಧ್ಯದಲ್ಲಿ ಗುಳಿ ಬಿದ್ದಿತ್ತು. ಇಳಿಸುವ ಕಡೆಯದು ಹೊಳೆಯುತ್ತಿತ್ತು. ಇಳಿಯುವಾಗ ಸರಾಗ, ಏರುವಾಗ ಏದುಸಿರು ಅಂದಿದ್ದರಲ್ಲಿ ಅರ್ಧ ಪಾಲು ಇದರದೇ. ನಯವಾದ 1000 ನಂಬರಿನ ಎಮರಿ ಕಾಗದದಿಂದ ಮೆಲ್ಲಗೆ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒರೆಸಿ ಜೋಡಿಸಿದೆ. ಗುಳಿ ಇನ್ನೂ ಆಳವಾಗಿದ್ದರೆ ಹೊಸ ಸ್ವಿಚ್ಚೇ ಗತಿ. ಅನೇಕ ಕಾರುಗಳಲ್ಲಿ ಬೇರೆ ಬಾಗಿಲುಗಳ ಕರೆಂಟ್ ಕೂಡ ಡ್ರೈವರ್ ಕಡೆಯ ಈ ಸ್ವಿಚ್ ಮೂಲಕವೇ ಸುತ್ತಿ ಬರುತ್ತದೆ. ಹಿಂದಿನ ಕಿಟಕಿ ಕೆಟ್ಟರೂ ಇದನ್ನೊಮ್ಮೆ ನೋಡುವುದು ಒಳ್ಳೆಯದು.

ಜೋಡಣೆ ಬೇಗ ಮುಗಿಯಿತು. ಮತ್ತೆ ಟರ್ಮಿನಲ್ ತೆಗೆದು ರೆಗ್ಯುಲೇಟರ್ ಒಳಗೆ ಇಳಿಸಿದೆ. ರಿವೆಟ್ ಬದಲು ನೈಲಾನ್ ಇರುವ ಲಾಕ್ ನಟ್ಟು, ಬೋಲ್ಟ್, ಅಗಲ ವಾಷರ್ ಹಾಕಿದೆ. ಬೋಲ್ಟಿನ ತಲೆ ಗಾಜಿನ ಕಡೆ ಇರಬೇಕು, ನಟ್ಟು ಪ್ಯಾಡ್ ಕಡೆ. ಉಲ್ಟಾ ಹಾಕಿದರೆ ಬೋಲ್ಟಿನ ತುದಿ ಗಾಜನ್ನು ಕೆರೆಯಬಹುದು. ಗಾಜು ಹಿಡಿಯುವ ಬೋಲ್ಟುಗಳನ್ನು ಸಡಿಲವಾಗಿಯೇ ಬಿಟ್ಟು, ಬ್ಯಾಟರಿ ಜೋಡಿಸಿ, ಗಾಜನ್ನು ಪೂರ್ತಿ ಏರಿಸಿದೆ. ಅದು ಮೇಲಿನ ಚಾನೆಲ್‌ಗೆ ತಾನಾಗಿ ಹೊಂದಿ ಕೂತ ಮೇಲೆ ಬಿಗಿದೆ. ಮೊದಲೇ ಬಿಗಿದರೆ ಗಾಜು ಓರೆಯಾಗಿ ಏರುತ್ತದೆ, ಸಿಕ್ಕಿಕೊಳ್ಳುತ್ತದೆ. ಪ್ಯಾಡ್ ಹಾಕುವ ಮೊದಲು ಏರಿಸಿ ಇಳಿಸಿ, ನಡುನಡುವೆ ಮೋಟಾರಿಗೆ ಬಿಡುವು ಕೊಟ್ಟು ನೋಡಿದೆ. ಆಮೇಲೆ ಹಾಳೆ, ಪ್ಯಾಡ್. ಒಂದೇ ಒತ್ತಿಗೆ ಮುಚ್ಚುವ ಕಿಟಕಿಯಾದರೆ ಬ್ಯಾಟರಿ ತೆಗೆದ ಮೇಲೆ ಅದು ತನ್ನ ಮೇಲಿನ ಮಿತಿಯನ್ನು ಮರೆತಿರಬಹುದು. ಹೆಚ್ಚಿನ ಕಾರುಗಳಲ್ಲಿ ಗಾಜು ಪೂರ್ತಿ ಮುಚ್ಚಿ ಸ್ವಿಚ್ಚನ್ನು ಕೆಲವು ಸೆಕೆಂಡ್ ಎಳೆದೇ ಹಿಡಿದರೆ ಕಲಿತುಕೊಳ್ಳುತ್ತದೆ. ಕಾರಿನ ಪುಸ್ತಕದಲ್ಲಿ ಸರಿಯಾದ ಕ್ರಮ ಇರುತ್ತದೆ.

ಉಳಿದ ಬಾಗಿಲುಗಳ ಚಾನೆಲ್‌ಗಳನ್ನೂ ಅದೇ ಜೋರಿನಲ್ಲಿ ತೊಳೆದೆ. ಅದಕ್ಕೆ ಪ್ಯಾಡ್ ಬಿಚ್ಚಬೇಕಿಲ್ಲ, ಗಾಜು ಇಳಿಸಿದರೆ ಸಾಕು. ಹಿಂದಿನ ಒಂದು ಬಾಗಿಲಿನ ರಬ್ಬರ್ ಮಾತ್ರ ತೊಳೆದರೂ ಸರಿಹೋಗಲಿಲ್ಲ. ಮೂಲೆಯಲ್ಲಿ ಬಿರಿದು, ತುಟಿ ಒಳಕ್ಕೆ ಮಡಚಿತ್ತು. ಅಂಥದ್ದಕ್ಕೆ ಸ್ಪ್ರೇ ಹೊಡೆದು ಪ್ರಯೋಜನವಿಲ್ಲ, ಹೊಸದೇ ಬೇಕು. ಅದನ್ನು ಹಾಕುವಾಗ ಒಂದು ತುದಿಯಿಂದ ತುರುಕಿಕೊಂಡು ಹೋಗಬಾರದು. ಮೊದಲು ಎರಡೂ ಮೂಲೆಗಳನ್ನು ಕೂರಿಸಿ, ಆಮೇಲೆ ನಡುವಿನದನ್ನು ಸೋಪು ನೀರು ಸವರಿ, ಎಳೆಯದೆ ಒತ್ತಿಕೊಂಡು ಬರಬೇಕು. ಎಳೆದು ಹಾಕಿದ ರಬ್ಬರ್ ದಿನ ಕಳೆದಂತೆ ಕುಗ್ಗಿ ಮೂಲೆಯಲ್ಲಿ ಸಂದು ಬಿಡುತ್ತದೆ, ನೀರು ಅಲ್ಲಿಂದಲೇ ಒಳಗೆ ಬರುತ್ತದೆ.